ತಗಡಿನ ಕೆಳಗೂ ಸುರಿದ ಮಳೆ

ಆಟದ ಕಂಪನಿಯಲ್ಲಿ ಅವಳನ್ನು ಎಲ್ಲರೂ ಹನಿಯಕ್ಕ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ತಮಾಷೆಗೆ ಇಟ್ಟ ಹೆಸರು; ಅಂಟಿಕೊಂಡದ್ದು ಬಿಡಲಿಲ್ಲ. ವಿಡಿಯೋ ಗೇಮುಗಳಲ್ಲಿ ಬೀಳುವ ಮಳೆಯನ್ನು ಮಾಡುವುದು ಅವಳ ಕೆಲಸ. ಅವಳು ಅಕ್ಕನಾದ ಮೇಲೆ, ಅದೇ ಕಂಪನಿಯಲ್ಲಿ ಶಬ್ದದ ಕೆಲಸ ನೋಡುತ್ತಿದ್ದ ಅವಳ ಗಂಡ ತಾನಾಗಿಯೇ ಇಡೀ ಆಫೀಸಿಗೆ ಭಾವನಾದ. ಅವನಿಗಿಂತ ಎಷ್ಟೋ ದೊಡ್ಡವರಾದ ಕಂಪನಿಯ ಯಜಮಾನರು ಕೂಡ ಅವನನ್ನು ಭಾವ ಎಂದೇ ಕರೆಯುತ್ತಿದ್ದರು. "ಹೆಣ್ಣು ಕೊಟ್ಟೋರು ನಾವು, ಮರ್ಯಾದೆ ಕೊಡ್ಲೇಬೇಕಲ್ಲ" ಎಂದು ನಗುತ್ತಿದ್ದರು.

ಹನಿಯಕ್ಕ ಓದಿದ್ದು ಭೌತಶಾಸ್ತ್ರ. ಮಳೆಯ ವಿಷಯ ಬಂದರೆ ಅವಳ ಬಾಯಿಗೆ ಬೀಗ ಇರುತ್ತಿರಲಿಲ್ಲ. ಮಳೆಹನಿ ಚಿತ್ರಗಳಲ್ಲಿ ಬರೆಯುವ ಹಾಗೆ ಮೇಲೆ ಚೂಪು ಕೆಳಗೆ ದುಂಡು ಇರುವುದಿಲ್ಲ. ಸಣ್ಣ ಹನಿ ಗೋಲಿಯ ಹಾಗೆ ದುಂಡಗಿರುತ್ತದೆ. ದೊಡ್ಡದು ಗಾಳಿಯ ಒತ್ತಡಕ್ಕೆ ತಳ ಚಪ್ಪಟೆಯಾಗಿ ಬೇಕರಿಯ ಬನ್ನಿನ ಹಾಗೆ ಕಾಣುತ್ತದೆ. ದೊಡ್ಡದು ಬೇಗ ಬೀಳುತ್ತದೆ, ಸಣ್ಣದು ಸಾವಕಾಶ. ಆದ್ದರಿಂದ ಒಂದೇ ಗಾಳಿಗೆ ಸಣ್ಣ ಹನಿಯೇ ಹೆಚ್ಚು ಓರೆಯಾಗುತ್ತದೆ. ಬೆಳ್ಳಗಿನ ಆಕಾಶದ ಎದುರು ಮಳೆ ಕಾಣುವುದೇ ಇಲ್ಲ, ತೆರೆದ ಕತ್ತಲೆ ಬಾಗಿಲಿನ ಎದುರು ಕಾಣುತ್ತದೆ. ಇದೆಲ್ಲವನ್ನೂ ಅವಳು ತನ್ನ ಕಂಪ್ಯೂಟರಿನೊಳಗಿನ ಒಂದು ಖಾಲಿ ಬೀದಿಯಲ್ಲಿ, ಮೂರು ವರ್ಷ ಕೂತು, ಹನಿಹನಿಯಾಗಿ ಸಾಧಿಸಿದ್ದಳು. ಅವಳ ಮಳೆಯಲ್ಲಿ ಪ್ರತಿ ಹನಿಗೂ ಅದರದೇ ಲೆಕ್ಕ: ಎಲ್ಲಿಂದ ಹೊರಟಿತು, ಏನನ್ನು ಬಡಿಯಿತು, ಬಡಿದ ಮೇಲೆ ಏನಾಯಿತು.

ಮನೆಯಲ್ಲಿ ಅತ್ತೆಗೆ ಇದು ಮುಗಿಯದ ತಮಾಷೆ. "ಆಕಾಶದಿಂದ ಪುಕ್ಕಟೆ ಬೀಳೋದನ್ನ ಮಾಡೋಕೆ ನಿನಗೆ ಸಂಬಳ ಬೇರೆ ಕೊಡ್ತಾರೆ. ಬಿಸಿಲು ಮಾಡೋರೂ ಇದ್ದಾರಾ ಅಲ್ಲಿ?"

"ಇದ್ದಾರತ್ತೆ. ಪಕ್ಕದ ಕೋಣೇಲೇ ಇದ್ದಾರೆ."

"ಹಂಗಾದ್ರೆ ಈ ಒದ್ದೆ ಬಟ್ಟೆ ಒಂದಿಷ್ಟು ತಗೊಂಡ್ಹೋಗೆ. ನಾಳೆ ತನಕ ಒಣಗಲ್ಲ ಇಲ್ಲಿ."

ಬಹಳಷ್ಟು ಆಟಗಳಲ್ಲಿ ಮಳೆ ಬೀಳುವುದೇ ಇಲ್ಲ ಎಂಬುದು ಆಡುವವರಿಗೆ ಗೊತ್ತಿರುವುದಿಲ್ಲ. ನೋಡುವವನ ಕಣ್ಣಿನ ಮುಂದೆ ಬಿಳಿಗೆರೆ ಎಳೆದ ಒಂದು ಪರದೆ ಸರಿಯುತ್ತಿರುತ್ತದೆ, ಅಷ್ಟೆ. ಅವನು ಎತ್ತ ತಿರುಗಿದರೂ ಪರದೆ ಜೊತೆಗೇ ತಿರುಗುತ್ತದೆ. ಚಾವಣಿಯ ಕೆಳಗೆ ಹೋಗಿ ನಿಂತರೂ ಬಿಡುವುದಿಲ್ಲ. ತಲೆಯ ಮೇಲೆ ಸೂರಿದ್ದರೂ ಮೂಗಿನ ಮುಂದೆ ಮಳೆ. ಹನಿಯಕ್ಕ ಅದನ್ನು ಪರದೆ ಮಳೆ ಎನ್ನುತ್ತಿದ್ದಳು. ಅವಳ ಬಾಯಲ್ಲಿ ಅದು ಹೆಸರಲ್ಲ, ಬೈಗುಳ.

ಆ ಕಂಪನಿಯಲ್ಲಿ ಒಂದು ಪದ್ಧತಿಯಿತ್ತು. ಒಬ್ಬರು ಮಾಡುವ ಕೆಲಸವನ್ನು ಇನ್ನೊಬ್ಬರು ಕೇಳದೆ ತೆರೆದು ನೋಡುವಂತಿರಲಿಲ್ಲ. ಒಲೆಯ ಮೇಲಿರುವ ಬೇರೆಯವರ ಪಾತ್ರೆಯ ಮುಚ್ಚಳ ತೆಗೆಯಬೇಡಿ ಎಂದು ಯಜಮಾನರು ಹೊಸಬರಿಗೆ ಮೊದಲ ದಿನವೇ ಹೇಳುತ್ತಿದ್ದರು. ಬೀದಿ ಮಾಡುವವರು ಬೀದಿ, ಮುಖ ಮಾಡುವವರು ಮುಖ, ಮಳೆ ಮಾಡುವವಳು ಮಳೆ. ಎಲ್ಲವನ್ನೂ ಒಂದು ಕಡೆ ಜೋಡಿಸಿ ನೋಡುತ್ತಿದ್ದದ್ದು ಯಜಮಾನರು, ಜೋಡಿಸುವ ಇಬ್ಬರು, ಮತ್ತು ಕೊನೆಯಲ್ಲಿ ಶಬ್ದ ಕೂರಿಸುವ ಭಾವ. ಹನಿಯಕ್ಕ ಆ ಪದ್ಧತಿಯನ್ನು ಶ್ರದ್ಧೆಯಿಂದ ಪಾಲಿಸಿದ್ದಳು. ಜೋಡಿಸಿದ ಆಟ ಹೇಗೆ ಬರುತ್ತಿದೆ ಎಂದು ಮನೆಯಲ್ಲಿ ಕೇಳಿದರೆ ಗಂಡ, "ಬರ್ತಿದೆ ಕಣೆ, ಚೆನ್ನಾಗಿದೆ" ಎನ್ನುತ್ತಿದ್ದ. ಅವಳಿಗೆ ಅಷ್ಟು ಸಾಕಾಗಿತ್ತು.

ಆಟದ ಬಿಡುಗಡೆಗೆ ವಾರವೊಂದು ಉಳಿದಿರುವಾಗ ಅವಳ ಫೋನಿನ ಗಾಜು ಒಡೆಯಿತು. ರಿಪೇರಿ ಅಂಗಡಿಯವನು ಅದನ್ನು ಬಿಚ್ಚಿಟ್ಟುಕೊಂಡು, "ಕೂತ್ಕೊಳ್ಳಿ ಮೇಡಂ, ಟಿವಿ ನೋಡ್ತಿರಿ, ಈಗಾಯ್ತು" ಎಂದ. ಗೋಡೆಯ ದೊಡ್ಡ ಟಿವಿಯಲ್ಲಿ ಅವರದೇ ಆಟದ ಜಾಹೀರಾತು ಬರುತ್ತಿತ್ತು. ಆ ದಿನ ಬೆಳಿಗ್ಗೆಯಷ್ಟೇ ಹೊರಬಿದ್ದದ್ದು. ಅವಳು ಇನ್ನೂ ನೋಡಿರಲಿಲ್ಲ. "ನಿಜವಾದ ಮಳೆ, ಮೊದಲ ಬಾರಿಗೆ" ಎಂದು ದಪ್ಪ ಅಕ್ಷರಗಳು ಮೂಡಿ ಮರೆಯಾದವು. ಹನಿಯಕ್ಕ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂತಳು, ಮಗಳ ನಾಟಕ ನೋಡಲು ಬಂದ ತಾಯಿಯ ಹಾಗೆ.

ತೆರೆಯ ಮೇಲೆ ಒಬ್ಬ ಹೆಂಗಸು ಮಳೆಯಲ್ಲಿ ಓಡಿಬಂದು ಬಸ್ ತಂಗುದಾಣದ ತಗಡಿನ ಚಾವಣಿಯ ಕೆಳಗೆ ನಿಂತಳು. ಅವಳ ಮುಖದ ಮುಂದೆ ಬಿಳಿಗೆರೆಗಳು ಸುರಿಯುತ್ತಲೇ ಇದ್ದವು. ಚಾವಣಿಯ ಕೆಳಗೆ, ಬೆಂಚಿನ ಮೇಲೆ, ಗೋಡೆಯ ಮೂಲೆಯಲ್ಲಿ, ಎಲ್ಲ ಕಡೆಯೂ. ಬೆಂಚು ಮಾತ್ರ ಒಣಗಿತ್ತು.

ಮೊದಲು ಹನಿಯಕ್ಕನಿಗೆ ಬಂದದ್ದು ನಗು. ಯಾರೋ ಅವಸರದಲ್ಲಿ ಹಳೆಯ ತುಣುಕು ಹಾಕಿಬಿಟ್ಟಿದ್ದಾರೆ, ನಾಳೆ ಚೆನ್ನಾಗಿ ಉಗಿಯಬೇಕು ಎಂದುಕೊಂಡಳು.

"ಮಳೆ ಸೂಪರ್ ಅಲ್ವಾ ಮೇಡಂ?" ಎಂದ ಅಂಗಡಿಯವನು, ತಲೆ ಎತ್ತದೆ.

"ನಿಮಗೆ ನಿಜ ಅನ್ಸುತ್ತಾ ಅದು?"

"ಕಣ್ಣು ಮುಚ್ಕೊಂಡ್ರೆ ನಾನೇ ನೆಂದ ಹಾಗೆ ಆಗುತ್ತೆ. ಬೆಳಗ್ಗಿಂದ ಅದನ್ನೇ ಹಾಕ್ತಿದ್ದೀನಿ. ಇನ್ನೊಂದ್ಸಲ ಹಾಕ್ಲಾ?"

ಎರಡನೆಯ ಸಲ ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಡಾಂಬರಿನ ಮೇಲೆ ಮಳೆಯ ಮೊರೆತ, ಓಡುವ ಹೆಜ್ಜೆ, ಆಮೇಲೆ ತಲೆಯ ಮೇಲೆ ತಗಡು ಒಮ್ಮೆಲೇ ದಡದಡ ಎಂದಿತು. ಎಷ್ಟು ಸರಿಯಾಗಿ ಎಂದರೆ, ತಗಡಿನ ಅಂಚು ಯಾವ ಕಡೆ ಕೊನೆಯಾಗುತ್ತದೆ ಎಂಬುದೂ ಕಿವಿಗೆ ತಿಳಿಯುತ್ತಿತ್ತು.

ಅವಳು ತಟ್ಟನೆ ಕಣ್ಣು ತೆರೆದಳು.

ಆ ಶಬ್ದವನ್ನು ಅವಳು ಬಲ್ಲಳು. ಹೋದ ತಿಂಗಳು ಗಂಡ ಎಲ್ಲಿಂದಲೋ ಒಂದು ತಗಡಿನ ಹಾಳೆ ಹೊತ್ತುತಂದು, ಬಚ್ಚಲುಮನೆಯ ಶವರಿನ ಕೆಳಗೆ ಹಿಡಿಸಿ ರೆಕಾರ್ಡು ಮಾಡಿದ್ದ. ಹಿಡಿದಿದ್ದವಳು ಅವಳೇ. ಮೈಯೆಲ್ಲ ತೊಪ್ಪೆಯಾಗಿ, ನಗು ತಡೆಯಲಾರದೆ ಬಾಯಿಗೆ ಸೆರಗು ಕಚ್ಚಿಕೊಂಡಿದ್ದಳು. ನಗು ಸೇರಿಕೊಂಡರೆ ಮತ್ತೆ ಮೊದಲಿಂದ ಎಂದು ಅವನು ಕಣ್ಣು ಬಿಟ್ಟು ಹೆದರಿಸಿದ್ದ. "ನಿನ್ನ ಮಳೆಗೇ ಕಣೆ ಇದು" ಎಂದಿದ್ದ. ಅವತ್ತು ಅವಳಿಗೆ ಹೊಳೆಯಲಿಲ್ಲ. ಅವಳ ಮಳೆಗೆ ಬೇಕಾಗಿದ್ದದ್ದು ಒಂದೊಂದೇ ಹನಿಯ ಸದ್ದು, ಟಪ್ ಎಂಬುದು. ಹನಿ ಎಲ್ಲಿ ಬಡಿಯುತ್ತದೋ ಅಲ್ಲಿ ಆ ಸದ್ದು ತಾನಾಗಿ ಹುಟ್ಟುತ್ತದೆ, ಲಕ್ಷ ಟಪ್‌ಗಳು ಸೇರಿ ಮಳೆಯಾಗುತ್ತದೆ. ಅವನು ರೆಕಾರ್ಡು ಮಾಡಿದ್ದು ಇಡೀ ಮಳೆ, ಉದ್ದಕ್ಕೆ, ಒಂದೇ ಸಮನೆ. ಅಂಥ ಶಬ್ದ ಬೇಕಾಗುವುದು ಒಂದೇ ಕಡೆ: ತಗಡು ಎಲ್ಲಿದೆ ಎಂದು ಮಳೆಗೇ ಗೊತ್ತಿಲ್ಲದಿದ್ದಾಗ, ಯಾರಾದರೂ ಕೈಯಾರೆ ಕೂರಿಸಬೇಕಾದಾಗ.

ಇದು ಹಳೆಯ ತುಣುಕಲ್ಲ. ಈ ಮಳೆಗೆ ತಗಡು ಗೊತ್ತಿರಲಿಲ್ಲ; ಶಬ್ದ ಕೂರಿಸಿದವನಿಗೆ ಗೊತ್ತಿತ್ತು.

"ಮೇಡಂ, ಫೋನ್ ಆಯ್ತು" ಎಂದ ಅಂಗಡಿಯವನು. ಅವಳು ಅಂಗಡಿಯಿಂದ ನೇರ ಆಫೀಸಿಗೆ ಹೋದಳು.

ಯಜಮಾನರು ಗಾಜಿನ ಕೋಣೆಯಲ್ಲಿ ಕೂತು ಸೇಬು ಹೆಚ್ಚುತ್ತಿದ್ದರು. ಆಟದಲ್ಲಿರುವುದು ಪರದೆ ಮಳೆಯೇ ಎಂದು ಅವಳು ಕೇಳಿದ ಒಂದೇ ಪ್ರಶ್ನೆಗೆ, ಬಚ್ಚಿಡುವ ಯಾವ ಆತುರವೂ ಇಲ್ಲದೆ ಒಪ್ಪಿಕೊಂಡರು. ಅವಳಿಗೆ ಆಗಲೇ ಗೊತ್ತಿದೆ ಎಂದುಕೊಂಡಿದ್ದರಂತೆ.

"ಅಯ್ಯೋ, ಭಾವ ಹೇಳಿಲ್ವಾ? ಮನೇಲಿ ನಾನೇ ನಿಧಾನಕ್ಕೆ ಹೇಳ್ತೀನಿ, ನೀವು ಬಾಯಿಬಿಡ್ಬೇಡಿ ಅಂದಿದ್ರಲ್ಲ."

"ಯಾವಾಗ ಆಗಿದ್ದು ಇದು?"

"ನಿಮ್ಮ ತಾಯಿಗೆ ಹುಷಾರಿಲ್ಲ ಅಂತ ತವರಿಗೆ ಹೋಗಿದ್ರಲ್ಲ, ಆವಾಗ. ಆಡೋ ಜನಾನ ಕರೆಸಿ ಎರಡು ಮಳೇನೂ ತೋರ್ಸಿದ್ವಿ. ಯಾವ್ದು ಯಾರದ್ದು ಅಂತ ಹೇಳ್ಲಿಲ್ಲ. ಯಾವ್ದು ನಿಜ ಅನ್ಸುತ್ತೆ ಹೇಳಿ, ಅಷ್ಟೇ. ಸುಮಾರಾಗಿ ಎಲ್ರೂ ಪರದೆಗೇ ಕೈ ಎತ್ತಿದ್ರು. ನಿಮ್ಮದು ನೋಡಿ ಒಬ್ಬ, ಮಳೆ ಯಾವಾಗ ಶುರುವಾಗುತ್ತೆ ಅಂತ ಕೇಳ್ದ." ಅವರು ನಗಲು ಹೋಗಿ, ಅವಳ ಮುಖ ನೋಡಿ ಬಿಟ್ಟರು. "ಹನಿಯಕ್ಕ, ನಿಮ್ಮದು ಅಪರಂಜಿ. ನಾನು ಇಲ್ಲ ಅನ್ನಲ್ಲ. ಆದ್ರೆ ಜನಕ್ಕೆ ಬೇಕಾಗಿರೋದು ಹೊಳಪು."

"ಅದಾದ್ಮೇಲೂ ನಾನು ಇಷ್ಟು ತಿಂಗಳು ಕೂತು ಮಾಡಿದ್ನಲ್ಲ?"

"ಮುಂದಿನ ಆಟಕ್ಕೆ ಆಗುತ್ತೆ ಬಿಡಿ."

"ಪೋಸ್ಟರಿನಲ್ಲಿ ನನ್ನ ಫೋಟೋ ಹಾಕಿದ್ದೀರ. ಕೊಡೆ ಬೇರೆ ಕೊಟ್ಟು. ನಿಜವಾದ ಮಳೆ ಅಂತ ಬರ್ದಿದ್ದೀರ."

"ಬರ್ದಿರೋದು ಸುಳ್ಳಲ್ವಲ್ಲ. ಜನಕ್ಕೆ ಅದೇ ನಿಜ ಅನ್ಸಿದೆ."

ಆಡುವವರ ಯಂತ್ರಕ್ಕೆ ಈ ಮಳೆ ಭಾರವಾಗುತ್ತದೆ, ಆದ್ದರಿಂದ ಬೇಡ ಎಂದಿದ್ದರೆ ಅವಳು ಒಪ್ಪಿಕೊಂಡುಬಿಡುತ್ತಿದ್ದಳು. ಭಾರ ಅಳೆಯಬಹುದಾದ ವಸ್ತು. ಬಿಡುಗಡೆಯ ದಿನ ವೇದಿಕೆಯ ಮೇಲೆ ನಿಂತು, ತುಂಬಿದ ಸಭಾಂಗಣದ ಎದುರು, ಇದು ನನ್ನ ಮಳೆ ಎಂದು ಅವಳು ಹೇಳಬೇಕಿತ್ತು. ಆ ಮಾತು ಬರೆದ ಹಾಳೆ ಆಗಲೇ ಅವಳ ಮೇಜಿನ ಮೇಲಿತ್ತು. ತಾನು ಅಳೆದು ನೋಡದ್ದನ್ನು ಬಾಯಿಬಿಟ್ಟು ಹೇಳಬಾರದು ಎಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತದ್ದು ಅವಳಿಗೆ ಚರ್ಮದ ಹಾಗೆ ಮೈಗೆ ಹತ್ತಿಕೊಂಡಿತ್ತು. ಕಳಚಿಡುವ ಅಂಗಿಯಲ್ಲ ಅದು.

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಅಳಲಿಲ್ಲ. ಯೋಚಿಸಿದಳು. ಸೋತ ಪ್ರಯೋಗವನ್ನು ಮತ್ತೆ ಮತ್ತೆ ತಿರುವಿ ನೋಡುವುದು ಅವಳಿಗೆ ರೂಢಿ. ಜನ ಪರದೆ ಮಳೆಯನ್ನು ಆರಿಸಿದರು, ಸರಿ. ಆದರೆ ರಿಪೇರಿಯವನಿಗೂ ಅದು ನಿಜ ಅನ್ನಿಸಿದ್ದು ಕಣ್ಣು ಮುಚ್ಚಿಕೊಂಡಾಗ. ಹಾಗಾದರೆ ಆ ಜನ ಆರಿಸಿದ್ದು ಏನನ್ನು?

ಗಂಡ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಅತ್ತೆ ಊಟದ ಮೇಜಿನ ಹತ್ತಿರ ಕೂತು ಹರಿದ ದಿಂಬಿನ ಚೀಲ ಹೊಲಿಯುತ್ತಿದ್ದರು.

"ಆ ಪರೀಕ್ಷೆಲಿ ಎರಡು ಮಳೆಗೂ ಒಂದೇ ಶಬ್ದ ಹಾಕಿದ್ಯಾ?" ಎಂದಳು ಹನಿಯಕ್ಕ, ಚಪ್ಪಲಿಯನ್ನೂ ಬಿಡದೆ.

ಚಾಕು ನಿಂತಿತು.

"ಯಜಮಾನರು ಹೇಳಿದ್ರಾ?"

"ಅವರು ಬೇರೆ ಎಲ್ಲ ಹೇಳಿದ್ರು. ಇದು ಅವರಿಗೂ ಗೊತ್ತಿಲ್ಲ. ಇದು ಗೊತ್ತಿರೋದು ನಿನ್ನೊಬ್ಬನಿಗೆ."

ಅವನು ಚಾಕುವನ್ನು ಹಲಗೆಯ ಮೇಲೆ ಮೆಲ್ಲನೆ ಇಟ್ಟ. ಸದ್ದಾಗದ ಹಾಗೆ ವಸ್ತುಗಳನ್ನು ಇಡುವುದು ಅವನ ಸ್ವಭಾವ. "ಪರದೆ ಮಳೆಗೆ ಎಲ್ಲ ಕಟ್ಟಿಟ್ಟಿದ್ದೆ. ಡಾಂಬರು, ಎಲೆ, ಕೊಡೆ, ಎಲ್ಲ. ನಿನ್ನದಕ್ಕೆ ಶಬ್ದ ತಾನೇ ಹುಟ್ಟಬೇಕಿತ್ತಲ್ಲ. ಅದು ಆವಾಗ ಇನ್ನೂ ಕೂತಿರ್ಲಿಲ್ಲ."

"ಹಾಗಾದ್ರೆ ಏನು ಹಾಕ್ದೆ?"

"ಹಳೇದೊಂದು ಇತ್ತು. ಜಿಟಿಜಿಟಿ."

"ಜಿಟಿಜಿಟಿ." ಅವಳು ಆ ಪದವನ್ನು ಇನ್ನೊಮ್ಮೆ ಹೇಳಿದಳು. "ತೆರೆ ಮೇಲೆ ಇದ್ದಿದ್ದು ಧೋ ಅಂತ ಸುರಿಯೋ ಮಳೆ. ಅದರ ಕೆಳಗೆ ಜಿಟಿಜಿಟಿ. ನೋಡಿದೋರು ಮಳೆ ಯಾವಾಗ ಶುರುವಾಗುತ್ತೆ ಅಂತ ಕೇಳ್ದೆ ಇನ್ನೇನು ಕೇಳ್ತಾರೋ?"

"ಬೇಕು ಅಂತ ಮಾಡಿದ್ದಲ್ಲ."

"ಕಿವಿ ಇಲ್ದೋನು ಈ ಮಾತು ಹೇಳಿದ್ರೆ ನಂಬ್ತಿದ್ದೆ."

ಅವನು ಸಿಂಕಿನ ನಲ್ಲಿ ತಿರುಗಿಸಿ ಕೈ ತೊಳೆದ, ಅಗತ್ಯಕ್ಕಿಂತ ಹೆಚ್ಚು ಹೊತ್ತು. ಆಮೇಲೆ ಬೆನ್ನು ಹಾಕಿಕೊಂಡೇ ಮಾತಾಡಿದ. "ನಿನ್ನ ಮಳೆ ಬಂದ್ರೆ ನನಗೇನು ಕೆಲಸ ಉಳೀತಿತ್ತು, ನೀನೇ ಹೇಳು. ಒಂದು ಟಪ್ ಅನ್ನೋ ಸದ್ದು ಕೊಟ್ಬಿಡೋದು. ಮಿಕ್ಕಿದ್ದೆಲ್ಲ ನಿನ್ನ ಲೆಕ್ಕವೇ ಮಾಡ್ಕೊಳ್ಳುತ್ತೆ. ಇಷ್ಟು ವರ್ಷ ಕಿವಿ ತೀಡಿ ಕೂತೋನು ನಾನು. ಕೊನೆಗೆ ಗುಂಡಿ ಒತ್ತೋನು ಆಗಿಬಿಡ್ತಿದ್ದೆ."

"ಅದನ್ನ ಹೇಳಬಹುದಿತ್ತು."

"ಹೇಳಿದ್ರೆ ನೀನೇ ಸರಿ ಇರ್ತಿದ್ದೆ. ಯಾವಾಗ್ಲೂ ನೀನೇ ಸರಿ ಇರ್ತೀಯ. ಅದೇ ಕಷ್ಟ."

"ಮತ್ತೆ ನನ್ನ ಕೈಲಿ ತಗಡು ಹಿಡಿಸಿದ್ಯಲ್ಲ. ನನ್ನ ಮಳೆಗೇ ಅಂದ್ಯಲ್ಲ."

ಅವನು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡ.

"ಏನ್ರೋ ಇದು" ಎಂದರು ಅತ್ತೆ. "ಮಳೆ ಬರ್ಲಿಲ್ಲ ಅಂತ ಜಗಳ ನೋಡಿದ್ದೆ, ಜಾಸ್ತಿ ಬಂತು ಅಂತ ಜಗಳ ನೋಡಿದ್ದೆ. ಇದು ಹೊಸದು." ಮಗ ಹೊರಗೆ ಹೋದ ಮೇಲೆ ದಾರವನ್ನು ಹಲ್ಲಿನಿಂದ ಕಡಿದು, ತಗ್ಗಿದ ದನಿಯಲ್ಲಿ ಸೊಸೆಗೆ ಹೇಳಿದರು: "ಚಿಕ್ಕೋನಿದ್ದಾಗ್ಲೂ ಅಷ್ಟೇ ಕಣಮ್ಮ ಅವನು. ಸುಳ್ಳು ಹೇಳ್ತಿರ್ಲಿಲ್ಲ. ಸುಮ್ಮನಿರ್ತಿದ್ದ. ಏಟು ಬೀಳ್ತಿದ್ದಿದ್ದು ಅವನ ತಂಗಿಗೆ."

ಹನಿಯಕ್ಕ ರಾಜೀನಾಮೆ ಕೊಡುವವಳಲ್ಲ, ಬೀದಿರಂಪ ಮಾಡುವವಳೂ ಅಲ್ಲ. ಕೆಟ್ಟ ಪ್ರಯೋಗಕ್ಕೆ ಮದ್ದು ಒಳ್ಳೆಯ ಪ್ರಯೋಗ ಎಂದು ನಂಬಿದವಳು. ಮರುದಿನ ಯಜಮಾನರ ಎದುರು ಎರಡು ಷರತ್ತು ಇಟ್ಟಳು. ವೇದಿಕೆಯ ಮೇಲೆ ಆಟದ ಮಳೆಯ ಪಕ್ಕದಲ್ಲಿ ತನ್ನ ಮಳೆಯನ್ನೂ ತೋರಿಸಬೇಕು. ತೋರಿಸಿದ ಮೇಲೆ, ಇದು ನೀವು ಕೊಳ್ಳುವ ಆಟದಲ್ಲಿಲ್ಲ ಎಂದು ತಾನು ಹೇಳಬೇಕು. ಇಲ್ಲದಿದ್ದರೆ ವೇದಿಕೆ ಹತ್ತುವುದಿಲ್ಲ.

ಯಜಮಾನರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. ಆಮೇಲೆ, "ಆಗ್ಲಿ. ನಿಮ್ಮನ್ನ ಬಿಟ್ಟು ನಮಗೆ ಯಾರಿದ್ದಾರೆ" ಎಂದರು. ಇಷ್ಟು ಸಲೀಸಾಗಿ ಒಪ್ಪುತ್ತಾರೆ ಎಂದು ಅವಳು ನಿರೀಕ್ಷಿಸಿರಲಿಲ್ಲ. ಮುಂದಿನ ಆಟಕ್ಕಾದರೂ ಈ ಮಳೆಯ ಆಸೆ ಅವರಿಗಿರಬೇಕು ಎಂದು ತಾನೇ ಅರ್ಥ ಮಾಡಿಕೊಂಡಳು.

ಗಂಡನನ್ನು ಅವಳು ಒಂದೇ ಒಂದು ಕೇಳಿದಳು. ಊಟದ ಮೇಜಿನಲ್ಲಿ ಮೂರು ದಿನದಿಂದ ಉಪ್ಪು, ನೀರು ಎಂಬ ಎರಡು ಮಾತಿನ ಹೊರತು ಅವರ ನಡುವೆ ಬೇರೆ ಮಾತಿರಲಿಲ್ಲ.

"ಎರಡಕ್ಕೂ ಒಂದೇ ಶಬ್ದ ಹಾಕು. ನಿನಗೆ ಇಷ್ಟವಾದ್ದೇ ಹಾಕು. ನೀನು ಕೈಯಾರೆ ಕಟ್ಟಿದ್ದೇ ಆಗ್ಲಿ. ಆದ್ರೆ ಒಂದೇ ಇರ್ಲಿ."

"ಹಾಕ್ತೀನಿ. ನಿನ್ನಾಣೆ."

"ನನ್ನ ಆಣೆ ಬೇಡ. ನಿನ್ನ ಕಿವಿ ಮೇಲೆ ಆಣೆ ಹಾಕು."

ಅವನು ನಗಲಿಲ್ಲ. ಬಲಗಿವಿ ಮುಟ್ಟಿಕೊಂಡು, "ಒಂದೇ ಶಬ್ದ ಹಾಕ್ತೀನಿ" ಎಂದ. ಆ ಗಳಿಗೆಯಲ್ಲಿ ಅವನ ಮುಖ ಹಳೆಯ ದಿನಗಳ ಮುಖದ ಹಾಗೇ ಇತ್ತು. ಅವಳು ನಂಬಿದಳು. ನಂಬದೆ ಒಂದೇ ಮನೆಯಲ್ಲಿ ಇರುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಬಿಡುಗಡೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ತೆರೆ. ಎದುರು, ಜನರ ಸಾಲುಗಳೆಲ್ಲ ಮುಗಿದ ಮೇಲೆ, ಎತ್ತರದಲ್ಲಿ ಗಾಜಿನ ಗೂಡು. ಅದರಲ್ಲಿ ಶಬ್ದ ಏರಿಸಿ ಇಳಿಸುವ ಹಲಗೆಯ ಮುಂದೆ ಭಾವ ಕೂತಿದ್ದ. ಯಜಮಾನರು ಅವನ ಹಿಂದೆ ನಿಂತಿದ್ದರು.

ಮೊದಲು ಆಟದ ಮಳೆ ತೋರಿಸಿದರು. ಬಿಳಿಗೆರೆಗಳು ತೆರೆಯ ತುಂಬ ಸುರಿದವು, ಶಬ್ದ ಸಭಾಂಗಣವನ್ನು ನಡುಗಿಸಿತು. ಜನ ಶಿಳ್ಳೆ ಹೊಡೆದರು. ಆಮೇಲೆ ಅವಳದು ಬಂತು.

ತೆರೆಯ ಮೇಲೆ ಬಸ್ ತಂಗುದಾಣದ ಅದೇ ಬೀದಿ. ಮೊದಲಿಗೆ ಏನೂ ಕಾಣಲಿಲ್ಲ. ನೆಲದ ಮೇಲೆ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ ಮೂಡಿತು. ಚುಕ್ಕೆಗಳು ಕೂಡಿಕೊಂಡು ಬೀದಿ ಕಪ್ಪಗಾಯಿತು. ತೆರೆದ ಬಾಗಿಲೊಂದರ ಕತ್ತಲೆಯ ಎದುರು ಮಳೆ ಒಮ್ಮೆ ಕಂಡು, ಆಕಾಶದ ಎದುರು ಮಾಯವಾಯಿತು. ಗಾಳಿ ಬಂದಾಗ ಸಣ್ಣ ಹನಿಗಳು ಹೊಗೆಯ ಹಾಗೆ ಓರೆಯಾಗಿ ಹಾರಿದವು, ದಪ್ಪ ಹನಿಗಳು ಅವುಗಳ ನಡುವೆಯೇ ನೆಟ್ಟಗೆ ಇಳಿದವು. ತಗಡಿನ ಅಂಚಿನಿಂದ ನೀರು ಸಾಲಾಗಿ ಬೀಳುತ್ತಿತ್ತು. ಅದರ ಒಳಗೆ ಒಣಗಿದ ನೆಲದ ಪಟ್ಟಿಯೊಂದು, ಗಾಳಿಗೆ ಅಗಲವಾಗುತ್ತ ಕಿರಿದಾಗುತ್ತ.

ಶಬ್ದ ಒಂದೇ ಆಗಿತ್ತು. ಗಂಡ ಆಣೆ ಮುರಿದಿರಲಿಲ್ಲ.

ಈ ಸಲ ಯಾರೂ ಶಿಳ್ಳೆ ಹೊಡೆಯಲಿಲ್ಲ. ಮುಂದಿನ ಸಾಲಿನ ದಪ್ಪ ಮನುಷ್ಯನೊಬ್ಬ ಕಾಲುಗಳನ್ನು ಮೆಲ್ಲನೆ ಕುರ್ಚಿಯ ಕೆಳಕ್ಕೆ ಎಳೆದುಕೊಂಡ. ಅವನ ಪಕ್ಕದ ಹೆಂಗಸು ತೊಡೆಯ ಮೇಲಿದ್ದ ಚೀಲದ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು. ತಾವು ಹಾಗೆ ಮಾಡಿದ್ದು ಇಬ್ಬರಿಗೂ ಗೊತ್ತಾದಂತೆ ಕಾಣಲಿಲ್ಲ. ಹನಿಯಕ್ಕ ನೋಡಿದಳು. ಇಷ್ಟು ವರ್ಷ ಖಾಲಿ ಬೀದಿಯಲ್ಲಿ ಬಿದ್ದ ಅವಳ ಮಳೆ, ಆವತ್ತು ಮೊದಲ ಸಲ ಮನುಷ್ಯರ ಮೇಲೆ ಬೀಳುತ್ತಿತ್ತು. ಅವಳು ಮೈಕಿನ ಹತ್ತಿರ ಬಂದಳು.

"ಈಗ ನೀವು ನೋಡುತ್ತಿರುವ ಮಳೆಯನ್ನು ನಾನು ಮೂರು ವರ್ಷ ಕೂತು ಮಾಡಿದೆ." ಅವಳ ದನಿ ಮೂಲೆಮೂಲೆಗೂ ಕೇಳಿಸಿತು. "ಇದರಲ್ಲಿ ಒಂದು ಹನಿಯೂ ಸುಳ್ಳಲ್ಲ. ಆದರೆ ನಿಮಗೆ ಒಂದು ಮಾತು ಹೇಳಬೇಕು. ನೀವು ಕೊಳ್ಳುವ ಆಟದಲ್ಲಿ..."

ಮೊದಲು ತನ್ನ ಗಂಟಲೇ ಕೈಕೊಟ್ಟಿತು ಎಂದುಕೊಂಡಳು. ಇನ್ನೂ ಗಟ್ಟಿಯಾಗಿ ಹೇಳಿದಳು. ಮಾತು ತುಟಿಯಿಂದ ಹೊರಟು ಅಲ್ಲೇ ಉದುರುತ್ತಿತ್ತು. ಮಳೆಯ ಶಬ್ದ ಏರುತ್ತಿತ್ತು, ತಗಡು ದಡದಡ ಎನ್ನುತ್ತಿತ್ತು. ತಲೆ ಎತ್ತಿ ಗಾಜಿನ ಗೂಡಿನ ಕಡೆ ನೋಡಿದಳು. ಯಜಮಾನರ ಕೈ ಗಂಡನ ಹೆಗಲ ಮೇಲಿತ್ತು. ಗಂಡ ತಲೆ ತಗ್ಗಿಸಿ, ಎರಡು ಕೈಯ ಎರಡು ಬೆರಳುಗಳಿಂದ, ಹಲಗೆಯ ಎರಡು ಗುಂಡಿಗಳಲ್ಲಿ ಒಂದನ್ನು ಮೇಲಕ್ಕೆ ಒಂದನ್ನು ಕೆಳಕ್ಕೆ, ಬಹಳ ನಿಧಾನವಾಗಿ ಜಾರಿಸುತ್ತಿದ್ದ.

ಶಬ್ದವನ್ನು ಕತ್ತರಿಸಿದರೆ ಕಿವಿಗೆ ಗೊತ್ತಾಗುತ್ತದೆ, ಕರಗಿಸಿದರೆ ಗೊತ್ತಾಗುವುದಿಲ್ಲ. ಶಬ್ದದವರ ಕೆಲಸದ ಮೊದಲ ಪಾಠ ಅದು. ಅವನು ಅವಳನ್ನು ಕರಗಿಸಿದ. ಎಷ್ಟು ನಯವಾಗಿ ಎಂದರೆ, ಮಾತು ಮುಗಿಸಿದ ಕಲಾವಿದೆಯನ್ನು ಅವಳ ಮಳೆಯೇ ಬಂದು ಮುಚ್ಚಿತು ಎಂದು ಸಭೆ ತಿಳಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದಪ್ಪ ಮನುಷ್ಯ ಎಲ್ಲರಿಗಿಂತ ಮೊದಲು ಎದ್ದ. ಅವಳು ತೋರಿಸಿದ ಮಳೆಯನ್ನು ನೋಡಿ ಆ ಜನರೆಲ್ಲ ಇನ್ನೊಂದು ಮಳೆಯನ್ನು ಕೊಳ್ಳಲಿದ್ದರು. ಯಜಮಾನರು ಅಷ್ಟು ಸಲೀಸಾಗಿ ಒಪ್ಪಿದ್ದು ಏಕೆಂದು ಅವಳಿಗೆ ಆಗ ತಿಳಿಯಿತು. ಅವಳ ಅಪರಂಜಿಯನ್ನು ಅಂಗಡಿಯ ಗಾಜಿನ ಹಿಂದೆ ತೋರಿಸಲಿಕ್ಕೆ ಬೇಕಿತ್ತು, ಮಾರಲಿಕ್ಕಲ್ಲ.

ಅವಳು ಇನ್ನೂ ಕೂಗುತ್ತಲೇ ಇದ್ದಳು. ನಿರೂಪಕಿ ಬಂದು ನಗುನಗುತ್ತ ಅವಳ ಮೊಣಕೈ ಹಿಡಿದು ವೇದಿಕೆಯಿಂದ ಇಳಿಸಿದಳು.

ಹನಿಯಕ್ಕ ಒಳಕೋಣೆಗೆ ಹೋಗಲಿಲ್ಲ. ಪಕ್ಕದ ಓಣಿಯಿಂದ ಸುತ್ತಿ ಬಂದು, ಸಭಾಂಗಣದ ಹೊರಬಾಗಿಲಿನಲ್ಲಿ ನಿಂತಳು. ಕಾರ್ಯಕ್ರಮ ಮುಗಿದು ಜನ ಹೊರಡಲು ಶುರುವಾದಾಗ, ಎದುರಿಗೆ ಬಂದ ಮೊದಲನೆಯವನಿಗೆ ಹೇಳಿದಳು: "ನೀವು ನೋಡಿದ ಎರಡನೇ ಮಳೆ ಆಟದಲ್ಲಿಲ್ಲ."

"ಹಾಂ?"

"ಆಟದಲ್ಲಿರೋದು ಮೊದಲನೇದು. ನನ್ನದು ಇಲ್ಲ."

ಅವನು ಪೆಚ್ಚಾಗಿ ನಕ್ಕು ಮುಂದೆ ಹೋದ. ಅವಳು ಮುಂದಿನವರಿಗೆ ಹೇಳಿದಳು. ಅವರ ಹಿಂದಿನವರಿಗೂ. ಕೆಲವರು ಅದನ್ನೂ ಕಾರ್ಯಕ್ರಮದ ಭಾಗ ಎಂದುಕೊಂಡು ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು; ಫೋಟೋ ತೆಗೆಯುವಾಗಲೂ ಅವಳು ಅದನ್ನೇ ಹೇಳಿದಳು. ಇಬ್ಬರು ಹುಡುಗಿಯರು ನಿಂತು ಪೂರ್ತಿ ಕೇಳಿದರು. ದಪ್ಪ ಮನುಷ್ಯ, "ಹಾಗಾದ್ರೆ ನಮಗ್ಯಾಕೆ ತೋರ್ಸಿದ್ರಿ?" ಎಂದು ಸಿಟ್ಟಾದ. "ಕ್ಷಮಿಸಿ" ಎಂದಳು ಹನಿಯಕ್ಕ. "ಯಾಕೆ ಅಂತ ನನಗೂ ಈಗ್ಲೇ ಗೊತ್ತಾಗಿದ್ದು." ಅವಳ ದನಿ ಆಗಲೇ ಒಡೆದಿತ್ತು, ಆದರೂ ಮಾತು ಸ್ಪಷ್ಟವಾಗಿತ್ತು; ಮಾತಾಡುವವಳಿಗೂ ಕೇಳುವವರಿಗೂ ನಡುವೆ ಅಲ್ಲಿ ಯಾರ ಕೈಯೂ ಇರಲಿಲ್ಲ.

ಜನ ಖಾಲಿಯಾದರು. ಒಳಗೆ ಕುರ್ಚಿ ಮಡಚುವ ಸದ್ದು. ಕೊನೆಯಲ್ಲಿ ಗಂಡ ಬಂದ, ಹೆಗಲಿಗೆ ಸುತ್ತಿದ ವೈರು ಹಾಕಿಕೊಂಡು.

"ಒಂದೇ ಶಬ್ದ ಹಾಕಿದ್ದೆ ಕಣೆ" ಎಂದ. "ನೀನು ಕೇಳಿದ್ದನ್ನ ನಡೆಸಿಕೊಟ್ಟೆ. ಅವರು ಹಿಂದೆ ನಿಂತಿದ್ರು. ನಿನ್ನ ಒಳ್ಳೇದಕ್ಕೇ... ಬಾ, ಅಮ್ಮ ಕಾಯ್ತಿರ್ತಾಳೆ."

ಅವಳು ಅವನನ್ನು ನೋಡಿದಳು. ಬಾಗಿಲಿನಲ್ಲಿ ಎದುರಾದ ಇನ್ನೊಬ್ಬರನ್ನು ನೋಡುವ ಹಾಗೆಯೇ ನೋಡಿದಳು. ಅಷ್ಟು ಹೊತ್ತು ಎಲ್ಲರಿಗೂ ಹೇಳಿದ ಅದೇ ದನಿಯಲ್ಲಿ, ಅಷ್ಟೇ ಮರ್ಯಾದೆಯಿಂದ ಹೇಳಿದಳು:

"ನೀವು ನೋಡಿದ ಎರಡನೇ ಮಳೆ ಆಟದಲ್ಲಿಲ್ಲ."

ಅವನ ಹಿಂದೆ ಇನ್ನು ಯಾರಾದರೂ ಬರುವವರಿದ್ದಾರೇನೋ ಎಂದು ಬಾಗಿಲಿನ ಒಳಗೆ ಇಣುಕಿದಳು.